ವೈಯಾಕರಣ ಲಿಂಡ್ಲೆ ಮರ್ರೆ

ಮಹಾಪುರುಷರೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವರು ರಾಜ್ಯಗಳನ್ನು ಗೆದ್ದ ವೀರರು, ಕಡಲುಗಳನ್ನು ದಾಟಿದ ನಾವಿಕರು, ಹೊಸ ಹೊಸ ಯಂತ್ರಗಳನ್ನು ಕಂಡುಹಿಡಿದ ವಿಜ್ಞಾನಿಗಳು. ಅವರ ಚರಿತ್ರೆಯನ್ನು ಓದಿ ನಾವು ಬೆರಗಾಗುತ್ತೇವೆ. ಆದರೆ ಕುಳಿತಲ್ಲಿಂದ ಏಳಲು ಶಕ್ತಿಯಿಲ್ಲದೆ, ಒಂದು ಮನೆಯ ಕಿಟಕಿಯ ಬಳಿ ವರ್ಷಗಟ್ಟಲೆ ಕುಳಿತು, ಅಲ್ಪವಿರಾಮವನ್ನು ಎಲ್ಲಿ ಹಾಕಬೇಕು, ಅರ್ಧವಿರಾಮವನ್ನು ಎಲ್ಲಿ ಹಾಕಬೇಕು ಎಂಬುದನ್ನು ಒಂದು ಚಿಕ್ಕ ಶಾಲೆಯ ಬಾಲಕಿಯರಿಗಾಗಿ ಬರೆದಿಟ್ಟು, ಆ ಬರಹದಿಂದಲೇ ಲಕ್ಷಾಂತರ ಮಕ್ಕಳ ಗುರುವಾದ ಒಬ್ಬ ಮನುಷ್ಯನಿದ್ದನು. ಆತನ ಹೆಸರು ಲಿಂಡ್ಲೆ ಮರ್ರೆ. ಈ ವರ್ಷದ ಸಂಚಿಕೆಯಲ್ಲಿ ಆತನ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡಬೇಕೆಂದು ನನಗೆ ತೋರಿತು.

ಹೀಗೆ ತೋರಿದುದಕ್ಕೆ ಕಾರಣವಿದೆ. ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಇಂಗ್ಲಿಷಿನ ಪ್ರಬಂಧವನ್ನು ಬರೆಯಲು ಕುಳಿತಾಗ ಅವರಿಗೆ ಶಬ್ದಗಳ ಅಭಾವಕ್ಕಿಂತ ವಾಕ್ಯಗಳ ಗೊಂದಲವೇ ಹೆಚ್ಚಾಗಿ ಕಾಡುವುದನ್ನು ಕಂಡಿದ್ದೇನೆ. ಒಂದು ವಾಕ್ಯ ಮುಗಿಯಿತು. ಆದರೆ ಮುಗಿಯಿತೆಂದು ಹೇಳುವ ಧೈರ್ಯವಿಲ್ಲ. ಅಲ್ಲಿ ಒಂದು ಅಲ್ಪವಿರಾಮವನ್ನಿಟ್ಟು ಮುಂದಿನ ವಾಕ್ಯವನ್ನು ಅದಕ್ಕೆ ಅಂಟಿಸುತ್ತಾರೆ. ಅದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತಾರೆ. ಪುಟವು ಮುಗಿಯುವವರೆಗೂ ಅಲ್ಪವಿರಾಮಗಳ ಸಾಲು ಇರುವೆಗಳ ಸಾಲಿನಂತೆ ಹರಿದುಹೋಗುತ್ತದೆ. ನಾನೂ ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಬಳಿಕ ಹೊಟ್ಟೆಪಾಡಿಗಾಗಿ ಈ ಮುಂಬಯಿಗೆ ಬಂದವನು. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಬರೆದ ಮೊದಲ ಇಂಗ್ಲಿಷ್ ಅರ್ಜಿಯು ಒಂದೇ ಒಂದು ಪೂರ್ಣವಿರಾಮವಿಲ್ಲದೆ ಅರ್ಧ ಪುಟ ಓಡಿತ್ತು. ಅದನ್ನು ಓದಿದ ಗುಮಾಸ್ತನು ನಕ್ಕನು. ಆ ನಗೆಯನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮ ಮಕ್ಕಳು ಅಂಥ ನಗೆಗೆ ಗುರಿಯಾಗಬಾರದು ಎಂಬ ಆಸೆಯಿಂದ, ಆ ಚಿಹ್ನೆಗಳನ್ನು ಜಗತ್ತಿಗೆ ಕಲಿಸಿದವನ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ಲಿಂಡ್ಲೆ ಮರ್ರೆಯು ಇಂಗ್ಲೆಂಡಿನಲ್ಲಿ ಹುಟ್ಟಿದವನಲ್ಲ. ಇಂಗ್ಲಿಷರಿಗೇ ಇಂಗ್ಲಿಷ್ ವ್ಯಾಕರಣವನ್ನು ಕಲಿಸಿದ ಈತನು ಹೊರನಾಡಿನವನು ಎಂಬುದು ಗಮನಿಸತಕ್ಕ ಸಂಗತಿ. ಅಮೆರಿಕೆಯು ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ, ೧೭೪೫ರಲ್ಲಿ, ಪೆನ್ಸಿಲ್ವೇನಿಯಾ ಪ್ರಾಂತದ ಸ್ವಟಾರಾ ಎಂಬ ಹೊಳೆಯ ಬದಿಯ ಒಂದು ನೆಲಸುನಾಡಿನಲ್ಲಿ ಆತನ ಜನನವಾಯಿತು. ತಂದೆ ರಾಬರ್ಟ್ ಮರ್ರೆ, ತಾಯಿ ಮೇರಿ ಲಿಂಡ್ಲೆ. ಹನ್ನೆರಡು ಮಕ್ಕಳಲ್ಲಿ ಈತನೇ ಹಿರಿಯನು. ತಾಯಿಯ ತವರಿನ ಹೆಸರೇ ಮಗನ ಹೆಸರಾಯಿತು. ಕುಟುಂಬವು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದುದು. ಯುದ್ಧವನ್ನು ಒಪ್ಪದಿರುವುದು, ಆಡಂಬರವನ್ನು ಬಿಡುವುದು, ಮೌನವಾಗಿ ಕುಳಿತು ಪ್ರಾರ್ಥಿಸುವುದು ಆ ಪಂಥದವರ ನಡೆ. ತಂದೆಯು ಮೊದಲು ಹಿಟ್ಟಿನ ಗಿರಣಿಯನ್ನು ನಡೆಸುತ್ತಿದ್ದು, ಮುಂದೆ ನ್ಯೂಯಾರ್ಕ್ ನಗರಕ್ಕೆ ಬಂದು, ಅಲ್ಲಿಯ ದೊಡ್ಡ ವರ್ತಕರಲ್ಲಿ ಒಬ್ಬನಾದನು. ಇಂದಿಗೂ ಆ ನಗರದಲ್ಲಿ ಮರ್ರೆ ಹಿಲ್ ಎಂಬ ಭಾಗವು ಈ ಮನೆತನದ ಹೆಸರನ್ನು ಹೊತ್ತಿದೆ.

ಹದಿನಾಲ್ಕನೆಯ ವಯಸ್ಸಿನ ಸುಮಾರಿಗೆ ತಂದೆಯು ಮಗನನ್ನು ತನ್ನ ಅಂಗಡಿಯ ಲೆಕ್ಕದ ಕೋಣೆಯಲ್ಲಿ ಕೂರಿಸಿದನು. ಹುಡುಗನ ಮನಸ್ಸು ಮಾತ್ರ ಲೆಕ್ಕದ ಪುಸ್ತಕದಲ್ಲಿ ನಿಲ್ಲಲಿಲ್ಲ. ಅದು ಓದಿನ ಕಡೆಗೇ ಓಡುತ್ತಿತ್ತು. ತಂದೆಯಾದರೋ ಬಹಳ ಕಟ್ಟುನಿಟ್ಟಿನವನು. ಅನುಮತಿಯಿಲ್ಲದೆ ಸಂಜೆ ಮನೆಯಿಂದ ಹೊರಗೆ ಹೋಗಕೂಡದೆಂದು ಆಜ್ಞೆಯಿತ್ತು. ಒಮ್ಮೆ ತಂದೆತಾಯಿಗಳು ಮನೆಯಲ್ಲಿಲ್ಲದಾಗ ಬಂಧುವೊಬ್ಬನು ಕರೆದನು, ಹುಡುಗನು ಹೋದನು. ಮರುದಿನ ಬೆಳಿಗ್ಗೆ ತಂದೆಯಿಂದ ಏಟು ಬಿದ್ದಿತು. ತಾನು ಮಾಡಿದುದು ಅಂಥ ಅಪರಾಧವಲ್ಲವೆಂದು ಹುಡುಗನಿಗೆ ತೋರಿತು. ಆತನು ತನ್ನ ಪುಸ್ತಕಗಳನ್ನೂ ಕೈಯಲ್ಲಿದ್ದ ಅಲ್ಪಸ್ವಲ್ಪ ಹಣವನ್ನೂ ತೆಗೆದುಕೊಂಡು ಗುಟ್ಟಾಗಿ ಊರು ಬಿಟ್ಟನು.

ಮನೆ ಬಿಟ್ಟು ಓಡಿದ ಹುಡುಗರು ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತಾರೆ? ಹಡಗಿಗೆ, ಸೈನ್ಯಕ್ಕೆ, ಇಲ್ಲವೆ ನಾಟಕದ ಕಂಪನಿಗೆ. ಲಿಂಡ್ಲೆ ಮರ್ರೆಯು ಓಡಿಹೋದುದು ಒಂದು ಶಾಲೆಗೆ! ನ್ಯೂಜೆರ್ಸಿ ಪ್ರಾಂತದ ಬರ್ಲಿಂಗ್ಟನ್ ಎಂಬ ಊರಿನ ವಸತಿಶಾಲೆಗೆ ಹೋಗಿ, ತಾನೇ ಶುಲ್ಕವನ್ನು ಕೊಟ್ಟು, ತಾನೇ ತನ್ನನ್ನು ಸೇರಿಸಿಕೊಂಡು, ಫ್ರೆಂಚ್ ಭಾಷೆಯನ್ನು ಕಲಿಯತೊಡಗಿದನು. ಕೆಲಕಾಲದ ಮೇಲೆ ಮನೆಯವರಿಗೆ ಸುಳಿವು ಸಿಕ್ಕಿತು. ಬಂಧುವೊಬ್ಬನು ಮಧ್ಯಸ್ಥನಾಗಿ ಹುಡುಗನನ್ನು ಮನೆಗೆ ಕರೆತಂದನು. ತಂದೆಯೂ ಮಗನ ಒಲವನ್ನು ಅರಿತು, ಆತನ ಓದಿಗೆ ಮನೆಯಲ್ಲಿಯೇ ಉಪಾಧ್ಯಾಯನನ್ನು ನೇಮಿಸಿದನು. ಮುಂದೆ ಬೆಂಜಮಿನ್ ಕಿಸಾಮ್ ಎಂಬ ವಕೀಲನಲ್ಲಿ ನಾಲ್ಕು ವರ್ಷ ಕಾನೂನನ್ನು ಅಭ್ಯಾಸ ಮಾಡಲು ಬಿಟ್ಟನು. ಅಲ್ಲಿ ಈತನ ಸಹಪಾಠಿಯಾಗಿದ್ದವನು ಜಾನ್ ಜೇ. ಆತನು ಕಾಲಾಂತರದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಮೊತ್ತಮೊದಲ ಮುಖ್ಯ ನ್ಯಾಯಾಧೀಶನಾದನು.

೧೭೬೭ರಲ್ಲಿ ಮರ್ರೆಯು ಹ್ಯಾನಾ ಡಾಬ್ಸನ್ ಎಂಬ ಕನ್ಯೆಯನ್ನು ವಿವಾಹವಾದನು. ಅವರಿಗೆ ಮಕ್ಕಳಾಗಲಿಲ್ಲ, ಆದರೆ ಐವತ್ತೆಂಟು ವರ್ಷಗಳಿಗೂ ಮಿಕ್ಕಿ ಅವರ ದಾಂಪತ್ಯವು ಸುಖವಾಗಿ ನಡೆಯಿತು. ಕೆಲವು ವರ್ಷ ವಕೀಲಿ, ಬಳಿಕ ವ್ಯಾಪಾರ. ಅಮೆರಿಕೆಯ ಸ್ವಾತಂತ್ರ್ಯ ಯುದ್ಧ ಆರಂಭವಾದಾಗ ಆತನು ಲಾಂಗ್ ಐಲೆಂಡಿನ ಇಸ್ಲಿಪ್ ಎಂಬ ಗ್ರಾಮಕ್ಕೆ ಹೋಗಿ ನೆಲಸಿದನು. ಅಲ್ಲಿ ಉಪ್ಪಿನ ಅಭಾವವನ್ನು ಕಂಡು ಉಪ್ಪು ತೆಗೆಯುವ ಉದ್ಯಮಕ್ಕೆ ಕೈಹಚ್ಚಿದನು. ಯುದ್ಧದ ಗಲಭೆಯಲ್ಲಿ ಅದು ಕೈಗೂಡಲಿಲ್ಲ. ತಿರುಗಿ ನ್ಯೂಯಾರ್ಕಿಗೆ ಬಂದು ಕೆಲವೇ ವರ್ಷಗಳಲ್ಲಿ ಬೇಕಾದಷ್ಟು ಹಣವನ್ನು ಸಂಪಾದಿಸಿ, ನಡುವಯಸ್ಸಿಗೆ ಮೊದಲೇ ವ್ಯಾಪಾರದಿಂದ ನಿವೃತ್ತನಾದನು. ನದಿಯ ತೀರದಲ್ಲಿ ಬೆಲ್‌ವ್ಯೂ ಎಂಬ ಸುಂದರವಾದ ಮನೆಯನ್ನು ಕೊಂಡನು. ಇನ್ನು ಸುಖವಾಗಿ ಬಾಳುವುದೊಂದೇ ಉಳಿದಿತ್ತು.

ಆದರೆ ದೈವವು ಬೇರೊಂದನ್ನು ಬಗೆದಿತ್ತು. ಒಂದು ಜ್ವರವು ಬಂದು ಹೋದ ಬಳಿಕ ಆತನ ಮಾಂಸಖಂಡಗಳು ದಿನದಿನಕ್ಕೆ ಬಲಗುಂದತೊಡಗಿದವು. ನಾಲ್ಕು ಹೆಜ್ಜೆ ನಡೆದರೆ ಆಯಾಸ. ನಿಂತರೆ ಕಾಲು ಸೋಲುವುದು. ನಡೆದಷ್ಟೂ ನಿಶ್ಶಕ್ತಿ ಹೆಚ್ಚುತ್ತಿತ್ತೇ ಹೊರತು ಕಡಮೆಯಾಗಲಿಲ್ಲ. ವೈದ್ಯರು ಹವೆಯನ್ನು ಬದಲಾಯಿಸಿ ನೋಡಲು ಹೇಳಿ, ಇಂಗ್ಲೆಂಡಿನ ಯಾರ್ಕ್‌ಷೈರಿನ ತಂಪು ಹವೆಯನ್ನು ಸೂಚಿಸಿದರು. ಯುದ್ಧಕಾಲದಲ್ಲಿ ಈ ಮನೆತನದವರು ಬ್ರಿಟಿಷರೊಡನೆ ನಡೆಸಿದ ವ್ಯಾಪಾರದಿಂದ ಹುಟ್ಟಿದ ಅಸಮಾಧಾನವೂ ಆತನು ದೇಶವನ್ನು ಬಿಡಲು ಕಾರಣವಾಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಏನೇ ಇರಲಿ, ೧೭೮೪ರಲ್ಲಿ ಪತಿಪತ್ನಿಯರು ಹಡಗನ್ನೇರಿದರು. ಒಂದೆರಡು ವರ್ಷಗಳಲ್ಲಿ ಗುಣಹೊಂದಿ ಹಿಂದಿರುಗುವೆವೆಂಬುದು ಅವರ ಎಣಿಕೆ. ಹಿಂದಿರುಗುವುದು ಆಗಲೇ ಇಲ್ಲ. ಯಾರ್ಕ್ ನಗರದ ಹೊರವಲಯದ ಹೋಲ್ಗೇಟ್ ಎಂಬಲ್ಲಿ ಒಂದು ಮನೆ, ಅದರ ಸುತ್ತ ಒಂದು ತೋಟ: ಉಳಿದ ನಲವತ್ತೊಂದು ವರ್ಷಗಳ ಆಯುಷ್ಯವು ಅಲ್ಲಿಯೇ ಕಳೆಯಿತು. ಹುಟ್ಟಿದ ನಾಡನ್ನು ಬಿಟ್ಟು ಬಂದವರ ಮನಸ್ಸು ಎಂತಹುದೆಂಬುದು ಈ ಮಹಾನಗರದಲ್ಲಿ ನೆಲಸಿರುವ ನಮಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಮೊದಮೊದಲು ಆತನು ಗಾಡಿಯಲ್ಲಿ ಕುಳಿತು ಸ್ವಲ್ಪ ದೂರ ಹೋಗಿಬರುತ್ತಿದ್ದನು. ತನ್ನ ಪಂಥದ ಸಭೆಗಳಲ್ಲಿ ಉಪದೇಶವನ್ನೂ ಮಾಡುತ್ತಿದ್ದನು. ಕ್ರಮೇಣ ಧ್ವನಿಯೂ ಕ್ಷೀಣಿಸಿತು. ಹನ್ನೊಂದು ವರ್ಷಗಳ ಬಳಿಕ ಉಪದೇಶವನ್ನು ನಿಲ್ಲಿಸಬೇಕಾಯಿತು. ಕೊನೆಯ ಹದಿನಾರು ವರ್ಷಗಳಲ್ಲಂತೂ ಆತನು ಮನೆಯ ಹೊಸ್ತಿಲನ್ನೇ ದಾಟಲಿಲ್ಲ. ಕಾಲು ಹೋಯಿತು, ಕಂಠವೂ ಹೋಯಿತು. ಉಳಿದುದು ಬುದ್ಧಿ ಮತ್ತು ಲೇಖನಿ. ಇವೆರಡನ್ನು ಆತನು ಹೇಗೆ ಬಳಸಿಕೊಂಡನೆಂಬುದೇ ಈ ಚರಿತ್ರೆಯ ಸಾರ.

ಯಾರ್ಕ್ ನಗರದಲ್ಲಿ ೧೭೮೫ರಲ್ಲಿ ಎಸ್ತರ್ ಟ್ಯೂಕ್ ಎಂಬ ಮಹಿಳೆಯು ಕ್ವೇಕರ್ ಬಾಲಕಿಯರಿಗಾಗಿ ಒಂದು ಶಾಲೆಯನ್ನು ತೆರೆದಿದ್ದಳು. ಅಲ್ಲಿಯ ಉಪಾಧ್ಯಾಯಿನಿಯರು ತರುಣಿಯರು. ಅವರಿಗೆ ಕಲಿಸುವ ಉತ್ಸಾಹವಿತ್ತು. ಆದರೆ ಇಂಗ್ಲಿಷ್ ವ್ಯಾಕರಣದಲ್ಲಿ ಸಾಕಷ್ಟು ಪರಿಶ್ರಮವಿರಲಿಲ್ಲ. ಆ ಕಾಲದ ವ್ಯಾಕರಣ ಗ್ರಂಥಗಳು ಪಂಡಿತರಿಗೆ ಹೊರತು ಮಕ್ಕಳಿಗೆ ಎಟಕುವಂತಿರಲಿಲ್ಲ. ಅವರು ಮರ್ರೆಯ ಮನೆಗೆ ಬಂದು ಪಾಠ ಹೇಳಿಸಿಕೊಂಡರು. ಅನಂತರ, ಈ ಪಾಠವನ್ನೆಲ್ಲ ಒಂದು ಪುಸ್ತಕವಾಗಿ ಬರೆದುಕೊಡಬೇಕೆಂದು ಕೂಡಿ ಪತ್ರ ಬರೆದು ಬೇಡಿಕೊಂಡರು. ಮರ್ರೆಗೆ ಮೊದಲು ಮನಸ್ಸಿರಲಿಲ್ಲ, ತಾನು ವಕೀಲ, ವರ್ತಕ, ರೋಗಿ, ವೈಯಾಕರಣನಲ್ಲ. ಆದರೂ ಆ ಉಪಾಧ್ಯಾಯಿನಿಯರ ಕಷ್ಟವನ್ನು ಕಂಡು ಒಪ್ಪಿಕೊಂಡನು. ಹೀಗೆ ೧೭೯೫ರಲ್ಲಿ ಆತನ ಇಂಗ್ಲಿಷ್ ವ್ಯಾಕರಣವು ಯಾರ್ಕಿನಲ್ಲಿ ಅಚ್ಚಾಯಿತು. ಆಗ ಆತನಿಗೆ ಐವತ್ತು ವರ್ಷ.

ಈ ಪುಸ್ತಕದಲ್ಲಿ ಇದ್ದುದೆಲ್ಲವೂ ತನ್ನದೇ ಎಂದು ಆತನು ಹೇಳಿಕೊಳ್ಳಲಿಲ್ಲ. ಬಿಷಪ್ ರಾಬರ್ಟ್ ಲೋತ್ ೧೭೬೨ರಲ್ಲಿ ಬರೆದ ವ್ಯಾಕರಣ, ಜೋಸೆಫ್ ಪ್ರೀಸ್ಟ್ಲಿಯ ವ್ಯಾಕರಣ, ಡಾಕ್ಟರ್ ಜಾನ್ಸನ್ನನ ಬರಹಗಳು ಮುಂತಾದವುಗಳಿಂದ ಆಯ್ದು ತೆಗೆದು ಜೋಡಿಸಿದ ಸಂಗ್ರಹಕಾರನು ತಾನೆಂದು ಮುನ್ನುಡಿಯಲ್ಲಿಯೇ ಒಪ್ಪಿಕೊಂಡನು. ಆತನ ಹಿರಿಮೆಯು ಜೋಡಣೆಯಲ್ಲಿದೆ. ಮುಖ್ಯವಾದ ಸೂತ್ರಗಳನ್ನು ದೊಡ್ಡಕ್ಷರಗಳಲ್ಲಿಯೂ ವಿವರಣೆಗಳನ್ನು ಚಿಕ್ಕಕ್ಷರಗಳಲ್ಲಿಯೂ ಮುದ್ರಿಸಿದನು. ಮೊದಲ ಸಲ ಓದುವ ಮಗುವು ದೊಡ್ಡಕ್ಷರಗಳನ್ನು ಓದಿದರೆ ಸಾಕು; ಎರಡನೆಯ ಸಲ ಚಿಕ್ಕಕ್ಷರಗಳಿಗೆ ಹೋಗಬಹುದು. ಪಾಠ ಹೇಳಿ ಅನುಭವವುಳ್ಳ ಯಾರಿಗಾದರೂ ಈ ಉಪಾಯದ ಬೆಲೆಯು ತಿಳಿಯದೆ ಇರಲಾರದು.

ಈಗ ನಮ್ಮ ವಿಷಯಕ್ಕೆ ಬರೋಣ. ವಿರಾಮಚಿಹ್ನೆಗಳು ಮರ್ರೆಯ ಸೃಷ್ಟಿಯಲ್ಲ. ಅರ್ಧವಿರಾಮವನ್ನು ಇಂದಿನ ರೂಪದಲ್ಲಿ ಮೊದಲು ಅಚ್ಚಿನಲ್ಲಿ ಬಳಸಿದವನು ಇಟಲಿಯ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್. ಕಾಲ ಹದಿನೈದನೆಯ ಶತಮಾನದ ಕೊನೆ. ಮೇಲೊಂದು ಚುಕ್ಕೆ, ಕೆಳಗೊಂದು ಕೊಕ್ಕೆ: ಪೂರ್ಣವಿರಾಮದ ನಿಲುಗಡೆ ಮತ್ತು ಅಲ್ಪವಿರಾಮದ ಮುಂದುವರಿಕೆ ಎರಡೂ ಅದರಲ್ಲಿ ಕೂಡಿದಂತೆ ತೋರುತ್ತದೆ. ಮುಂದಿನ ಶತಮಾನದಲ್ಲಿ ಅದು ಇಂಗ್ಲೆಂಡಿಗೂ ಬಂದಿತು. ಆದರೆ ಅದನ್ನು ಎಲ್ಲಿ ಇಡಬೇಕೆಂಬ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಲೇಖಕರು ಮನಬಂದಂತೆ ಇಡುತ್ತಿದ್ದರು. ಅಚ್ಚುಕೂಟದ ಮೊಳೆ ಜೋಡಿಸುವವರು ಅದನ್ನು ತಮಗೆ ತೋರಿದಂತೆ ತಿದ್ದುತ್ತಿದ್ದರು.

ಮರ್ರೆಯು ಲೋತ್ ಮುಂತಾದವರನ್ನು ಅನುಸರಿಸಿ ಒಂದು ಅಳತೆಯನ್ನು ಕಲಿಸಿದನು. ಅಲ್ಪವಿರಾಮದಲ್ಲಿ ನಿಲ್ಲುವ ಕಾಲವು ಒಂದು ಎಂದಿಟ್ಟುಕೊಂಡರೆ, ಅರ್ಧವಿರಾಮಕ್ಕೆ ಅದರ ಎರಡರಷ್ಟು, ಕೋಲನ್ ಚಿಹ್ನೆಗೆ ನಾಲ್ಕರಷ್ಟು, ಪೂರ್ಣವಿರಾಮಕ್ಕೆ ಎಂಟರಷ್ಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಛಂದಸ್ಸನ್ನು ಕಲಿತ ನಮ್ಮ ಮಕ್ಕಳಿಗೆ ಈ ಲೆಕ್ಕವು ಹೊಸದಲ್ಲ. ಈ ಕಾಲವನ್ನು ಗಡಿಯಾರ ಹಿಡಿದು ಅಳೆಯಲಾಗದು, ಓದುವವನ ವೇಗದೊಡನೆ ಅದೂ ಬದಲಾಗುವುದು ಎಂದು ತಿಳಿಸಲು ಆತನು ಮರೆಯಲಿಲ್ಲ. ಇಷ್ಟಕ್ಕೇ ನಿಲ್ಲದೆ ಅರ್ಥದ ದೃಷ್ಟಿಯಿಂದಲೂ ವಿವರಿಸಿದನು: ಒಂದಕ್ಕೊಂದು ತೀರ ಹತ್ತಿರದ ಸಂಬಂಧವುಳ್ಳ ಭಾಗಗಳ ನಡುವೆ ಅಲ್ಪವಿರಾಮ, ಅಷ್ಟು ಹತ್ತಿರವೂ ಅಲ್ಲದ, ಬೇರೆಯಾಗಿ ನಿಲ್ಲುವಷ್ಟು ದೂರವೂ ಅಲ್ಲದ ಭಾಗಗಳ ನಡುವೆ ಅರ್ಧವಿರಾಮ. ಅಲ್ಪವಿರಾಮವೊಂದಕ್ಕೇ ಸುಮಾರು ಇಪ್ಪತ್ತು ಸೂತ್ರಗಳನ್ನು ಉದಾಹರಣೆಗಳೊಡನೆ ಬರೆದನು.

ಆ ಕಾಲದಿಂದ ಇಂದಿನವರೆಗೆ ಪದ್ಧತಿಯು ಸ್ವಲ್ಪ ಬದಲಾಗಿದೆ. ಅಂದು ಉಸಿರಿನ ನಿಲುಗಡೆಗೆ ಇದ್ದ ಪ್ರಾಧಾನ್ಯವು ಇಂದು ವಾಕ್ಯರಚನೆಗೆ ಬಂದಿದೆ. ಈಗಿನ ನಿಯಮವನ್ನು ನಮ್ಮ ಮಕ್ಕಳು ಹೀಗೆ ನೆನಪಿಟ್ಟುಕೊಳ್ಳಬೇಕು. ಕರ್ತೃಪದ, ಕ್ರಿಯಾಪದಗಳನ್ನು ಹೊಂದಿ ತಾನಾಗಿಯೇ ನಿಲ್ಲಬಲ್ಲ ಎರಡು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರಿಯ ಅಲ್ಪವಿರಾಮದಿಂದ ಜೋಡಿಸಿದರೆ ಅದನ್ನು ದೋಷವೆಂದು ಎಣಿಸುತ್ತಾರೆ. 'ದಿ ಬೆಲ್ ರ‍್ಯಾಂಗ್' ಎಂಬುದು ಒಂದು ವಾಕ್ಯ. 'ದಿ ಬಾಯ್ಸ್ ರ‍್ಯಾನ್ ಔಟ್' ಎಂಬುದು ಇನ್ನೊಂದು. ಇವುಗಳ ನಡುವೆ ಅಲ್ಪವಿರಾಮವೊಂದನ್ನೇ ಇಟ್ಟರೆ ಸಾಲದು. ಆ ಚಿಕ್ಕ ಕೊಕ್ಕೆಯು ಅಷ್ಟು ಭಾರವನ್ನು ತಡೆಯಲಾರದು. ಇದಕ್ಕೆ ಮೂರು ಪರಿಹಾರಗಳಿವೆ. ಪೂರ್ಣವಿರಾಮವನ್ನಿಟ್ಟು ಎರಡು ವಾಕ್ಯಗಳನ್ನಾಗಿ ಮಾಡುವುದು ಮೊದಲನೆಯದು. ಅಲ್ಪವಿರಾಮದ ಮುಂದೆ 'ಆಂಡ್', 'ಬಟ್', 'ಆರ್' ಮುಂತಾದ ಜೋಡಿಸುವ ಶಬ್ದವನ್ನು ಸೇರಿಸುವುದು ಎರಡನೆಯದು. ಜೋಡಿಸುವ ಶಬ್ದವಿಲ್ಲದೆಯೇ, ನಡುವೆ ಅರ್ಧವಿರಾಮವನ್ನಿಡುವುದು ಮೂರನೆಯದು. ಎರಡು ಮಾತುಗಳು ಒಂದೇ ವಿಚಾರದ ಎರಡು ಮಗ್ಗುಲುಗಳಾಗಿದ್ದಾಗ ಮಾತ್ರ ಈ ಮೂರನೆಯ ದಾರಿಯು ಶೋಭಿಸುತ್ತದೆ.

'ಹೌಎವರ್', 'ದೇರ್‌ಫೋರ್' ಎಂಬ ಶಬ್ದಗಳು ಜೋಡಿಸುವ ಶಬ್ದಗಳಂತೆ ಕಂಡು ನಮ್ಮನ್ನು ಮೋಸಗೊಳಿಸುತ್ತವೆ. ಎರಡು ಪೂರ್ಣ ವಾಕ್ಯಗಳ ನಡುವೆ ಅವು ಬಂದಾಗ ಅವುಗಳ ಹಿಂದೆ ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು. ಮುಂದೆ ಸಾಮಾನ್ಯವಾಗಿ ಅಲ್ಪವಿರಾಮ ಬರುತ್ತದೆ. 'ವೆನ್', 'ಬಿಕಾಸ್', 'ಇಫ್' ಮುಂತಾದವುಗಳಿಂದ ಆರಂಭವಾಗುವ ಉಪವಾಕ್ಯವಾದರೋ ತಾನಾಗಿ ನಿಲ್ಲಲಾರದು. ಅದು ಮೊದಲು ಬಂದು ಮುಖ್ಯ ವಾಕ್ಯವು ಹಿಂದೆ ಬಂದರೆ, ನಡುವೆ ಅಲ್ಪವಿರಾಮವೇ ಸರಿ. ಅಲ್ಲಿ ಅರ್ಧವಿರಾಮವನ್ನಿಟ್ಟರೆ ತಪ್ಪು.

ಈ ದೋಷವು ನಮ್ಮ ಮಕ್ಕಳಲ್ಲಿ ಏಕೆ ಹೆಚ್ಚು? ಅವರು ದಡ್ಡರೆಂದಲ್ಲ. ಕನ್ನಡದ ಜಾಯಮಾನವೇ ಬೇರೆ. ಎದ್ದು, ಮುಖ ತೊಳೆದು, ಉಂಡು, ಚೀಲವನ್ನು ಹೆಗಲಿಗೇರಿಸಿ ಶಾಲೆಗೆ ಬಂದನು ಎಂದು ಎಷ್ಟು ಕೆಲಸಗಳನ್ನಾದರೂ ಒಂದೇ ವಾಕ್ಯದಲ್ಲಿ ಪೋಣಿಸುವ ಶಕ್ತಿಯು ನಮ್ಮ ಭಾಷೆಗಿದೆ. ಕೊನೆಯ ಕ್ರಿಯಾಪದವು ಬರುವವರೆಗೆ ಹಿಂದಿನವೆಲ್ಲ ಅದಕ್ಕಾಗಿ ಕಾದು ನಿಲ್ಲುತ್ತವೆ. ಮಳೆ ಬಂದಿತು, ಹೊಳೆ ತುಂಬಿತು, ದೋಣಿ ನಿಂತಿತು ಎಂದು ಬರೆದರೂ ನಮ್ಮ ಕಿವಿಗೆ ಕೊರತೆಯೆನಿಸದು. ಓಲೆಗರಿಯ ಕಾಲದಲ್ಲಿ ಇಂದಿನ ಈ ಚಿಹ್ನೆಗಳು ನಮಗಿರಲೂ ಇಲ್ಲ. ಅವು ಅಚ್ಚಿನ ವಿದ್ಯೆಯೊಡನೆ ಪಶ್ಚಿಮದಿಂದ ಬಂದವು. ಆದುದರಿಂದ ಮನೆಯ ಭಾಷೆಯ ನಡೆಯನ್ನು ಇಂಗ್ಲಿಷಿಗೆ ಒಯ್ದ ಮಗುವು ಬುದ್ಧಿಹೀನನಲ್ಲ. ಎರಡು ಭಾಷೆಗಳ ನಡುವಿನ ಗಡಿಯನ್ನು ಯಾರೂ ಆತನಿಗೆ ತೋರಿಸಿಲ್ಲ, ಅಷ್ಟೆ.

ಮರ್ರೆಯು ಅಂಥ ಗಡಿಗಳನ್ನು ತಾಳ್ಮೆಯಿಂದ ತೋರಿಸಿದನು. ಸೂತ್ರವನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಬರೆಯಲು ಬಾರದೆಂದು ಆತನು ಬಲ್ಲನು. ಆದುದರಿಂದ ೧೭೯೭ರಲ್ಲಿ ಅಭ್ಯಾಸಗಳ ಪುಸ್ತಕವೊಂದನ್ನು ಹೊರತಂದನು. ಅದರಲ್ಲಿ ಬೇಕೆಂದೇ ತಪ್ಪು ಮಾಡಿದ ವಾಕ್ಯಗಳನ್ನೂ ವಿರಾಮಚಿಹ್ನೆಗಳನ್ನು ತೆಗೆದುಹಾಕಿದ ವಾಕ್ಯಗಳನ್ನೂ ಕೊಟ್ಟನು, ತಿದ್ದಬೇಕಾದವರು ಮಕ್ಕಳು. ಅದರೊಡನೆ ಸರಿಯಾದ ಉತ್ತರಗಳ ಪುಸ್ತಕವನ್ನೂ ಸಿದ್ಧಪಡಿಸಿದನು. ಗುರುವಿನ ನೆರವಿಲ್ಲದೆ ಒಂಟಿಯಾಗಿ ಕಲಿಯುವವರು ತಮ್ಮ ತಪ್ಪನ್ನು ತಾವೇ ತಿದ್ದಿಕೊಳ್ಳಲಿ ಎಂಬುದು ಆತನ ಉದ್ದೇಶ. ಮನೆಯಲ್ಲಿ ಪಾಠ ಹೇಳಿಕೊಡಬಲ್ಲವರಿಲ್ಲದ ಮಕ್ಕಳನ್ನು ಈ ರೋಗಿಯು ನೆನೆದನೆಂಬುದು ನನ್ನ ಮನಸ್ಸನ್ನು ಬಹಳ ಮುಟ್ಟಿದ ಸಂಗತಿ. ಅದೇ ವರ್ಷ ಚಿಕ್ಕ ಮಕ್ಕಳಿಗಾಗಿ ವ್ಯಾಕರಣದ ಸಂಗ್ರಹವೂ, ೧೭೯೯ರಲ್ಲಿ ವಾಚನ ಪುಸ್ತಕವೂ, ೧೮೦೪ರಲ್ಲಿ ಕಾಗುಣಿತದ ಪುಸ್ತಕವೂ ಹೊರಬಂದವು.

ಈ ಪುಸ್ತಕಗಳು ಹರಡಿದ ಬಗೆಯು ಆಶ್ಚರ್ಯಕರವಾದುದು. ಒಂದು ಊರಿನ ಒಂದು ಬಾಲಿಕಾ ಶಾಲೆಗಾಗಿ ಬರೆದುದು ಇಂಗ್ಲೆಂಡಿನ ಶಾಲೆಗಳಿಗೆಲ್ಲ ಹೋಯಿತು. ಕಡಲನ್ನು ದಾಟಿ ಆತನ ತಾಯ್ನಾಡಾದ ಅಮೆರಿಕೆಗೂ ಹೋಯಿತು. ಒಡೆಯನು ಹಿಂದಿರುಗಲಾಗದ ಊರಿಗೆ ಆತನ ಪುಸ್ತಕವು ಹಿಂದಿರುಗಿತು. ಆತನ ಎಲ್ಲ ಪಠ್ಯಪುಸ್ತಕಗಳು ಕೂಡಿ ಒಂದು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಬ್ರಹಾಂ ಲಿಂಕನ್ನನು ಬಾಲ್ಯದಲ್ಲಿ ಓದಿ ಬಹುವಾಗಿ ಮೆಚ್ಚಿಕೊಂಡ ಪುಸ್ತಕಗಳಲ್ಲಿ ಮರ್ರೆಯ ವಾಚನ ಪುಸ್ತಕವೂ ಒಂದು. ೧೮೩೫ರಲ್ಲಿ ಅಮೆರಿಕೆಯ ಬಾಸ್ಟನ್ ನಗರದಲ್ಲಿ ಅಂಧರಿಗಾಗಿ ವ್ಯಾಕರಣದ ಸಂಗ್ರಹವನ್ನು ಉಬ್ಬಕ್ಷರಗಳಲ್ಲಿ ಮುದ್ರಿಸಿದರು. ನಮ್ಮ ದೇಶದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಕಡೆಯ ಇಂಗ್ಲಿಷ್ ಶಾಲೆಗಳಲ್ಲಿ ಮರ್ರೆಯ ವ್ಯಾಕರಣವನ್ನು ಓದಿಸುತ್ತಿದ್ದರು.

ಇಷ್ಟು ಪುಸ್ತಕಗಳಿಂದ ಬಂದ ಹಣವನ್ನು ಆತನು ತನಗಾಗಿ ಇಟ್ಟುಕೊಳ್ಳಲಿಲ್ಲ. ಜೀವನಕ್ಕೆ ಬೇಕಾದುದು ಮೊದಲೇ ಇದೆ. ಪುಸ್ತಕದ ಹಣವು ಪರರದು ಎಂಬುದು ಆತನ ನಿಶ್ಚಯ. ಬಡವರಿಗೆ, ಶಾಲೆಗಳಿಗೆ, ಧರ್ಮಕಾರ್ಯಗಳಿಗೆ ಅದನ್ನು ಹಂಚಿದನು. ಆ ಕಾಲದಲ್ಲಿ ಮನೋರೋಗಿಗಳನ್ನು ಸರಪಳಿಯಿಂದ ಬಿಗಿದು ಹಿಂಸಿಸುತ್ತಿದ್ದರು. ಅವರನ್ನು ಮನುಷ್ಯರಂತೆ ದಯೆಯಿಂದ ನೋಡಿಕೊಳ್ಳಬೇಕೆಂದು ವಿಲಿಯಂ ಟ್ಯೂಕ್ ಎಂಬವನು ೧೭೯೬ರಲ್ಲಿ ಯಾರ್ಕಿನಲ್ಲಿ ರಿಟ್ರೀಟ್ ಎಂಬ ಆಶ್ರಯಸ್ಥಾನವನ್ನು ತೆರೆದನು. ಆ ಕಾರ್ಯಕ್ಕೂ ಮರ್ರೆಯ ಬೆಂಬಲವಿತ್ತು. ಕರಿಯ ಜನರನ್ನು ದಾಸ್ಯದಿಂದ ಬಿಡಿಸುವುದಕ್ಕೂ ಅವರ ಮಕ್ಕಳ ವಿದ್ಯೆಗೂ ಅಮೆರಿಕೆಯ ಮೂಲನಿವಾಸಿಗಳ ಹಿತಕ್ಕೂ ಉಪಯೋಗವಾಗಲೆಂದು ಆತನು ತನ್ನ ಮರಣಶಾಸನದಲ್ಲಿ ಹಣವನ್ನು ಗೊತ್ತುಮಾಡಿದನು.

ಮರ್ರೆಯಲ್ಲಿ ದೋಷಗಳಿರಲಿಲ್ಲವೇ? ಇದ್ದವು. ಲ್ಯಾಟಿನ್ ಭಾಷೆಯ ಕಟ್ಟಳೆಗಳನ್ನು ಇಂಗ್ಲಿಷಿನ ಮೇಲೆ ಹೇರಿದನೆಂದೂ, ಜನರು ನಿಜವಾಗಿ ಆಡುವ ಭಾಷೆಗೆ ಬೆಲೆ ಕೊಡಲಿಲ್ಲವೆಂದೂ ಮುಂದಿನವರು ಆಕ್ಷೇಪಿಸಿದರು. ಆತನ ವಾಕ್ಯಗಳಲ್ಲಿಯೇ ವ್ಯಾಕರಣದ ತಪ್ಪುಗಳನ್ನು ಹೆಕ್ಕಿ ತೆಗೆದು ಜಾರ್ಜ್ ವಾಷಿಂಗ್ಟನ್ ಮೂನ್ ಎಂಬವನು ೧೮೬೮ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ತಿದ್ದುವವನನ್ನೂ ತಿದ್ದುವವರು ಇರುತ್ತಾರೆ. ಇದರಿಂದ ಮರ್ರೆಯ ಕೀರ್ತಿಗೆ ಕುಂದೇನೂ ಇಲ್ಲ. ಆತನೂ ಮುದ್ರಣದಿಂದ ಮುದ್ರಣಕ್ಕೆ ತನ್ನ ಪುಸ್ತಕವನ್ನು ತಾನೇ ತಿದ್ದುತ್ತ ಬಂದವನು. ತಪ್ಪು ಮಾಡುವುದು ಅವಮಾನವಲ್ಲ, ತಿದ್ದಿಕೊಳ್ಳದಿರುವುದೇ ಅವಮಾನ ಎಂಬ ಪಾಠವು ಇದರಿಂದ ನಮಗೆ ದೊರೆಯುತ್ತದೆ.

೧೮೨೬ರ ಆರಂಭದಲ್ಲಿ, ಎಂಬತ್ತು ವರ್ಷ ತುಂಬಿದ್ದ ಲಿಂಡ್ಲೆ ಮರ್ರೆಯು ಹೋಲ್ಗೇಟಿನ ಆ ಮನೆಯಲ್ಲಿಯೇ ಶಾಂತವಾಗಿ ಕಾಲವಾದನು. ಪತ್ನಿಯು ಕೊನೆಯವರೆಗೂ ಬಳಿಯಲ್ಲಿದ್ದಳು. ಆತನು ಪತ್ರಗಳ ರೂಪದಲ್ಲಿ ಬರೆದಿಟ್ಟಿದ್ದ ಆತ್ಮಕಥೆಯನ್ನು ಎಲಿಜಬೆತ್ ಫ್ರ್ಯಾಂಕ್ ಎಂಬ ಸ್ನೇಹಿತೆಯು ಅದೇ ವರ್ಷ ಪ್ರಕಟಿಸಿದಳು. ಆತನು ಪಾಠ ಬರೆದುಕೊಟ್ಟ ಬಾಲಿಕಾ ಶಾಲೆಯ ಪರಂಪರೆಯು ಇಂದಿನ ಮೌಂಟ್ ಶಾಲೆಯಾಗಿ ಯಾರ್ಕಿನಲ್ಲಿ ಮುಂದುವರಿಯಿತು. ಆತನ ತೋಟದಲ್ಲಿದ್ದ ಚಿಕ್ಕ ಬೇಸಗೆ ಮನೆಯನ್ನು ಆ ಶಾಲೆಯ ಅಂಗಳಕ್ಕೆ ತಂದು ನಿಲ್ಲಿಸಿದರು.

ಪ್ರಿಯ ವಿದ್ಯಾರ್ಥಿಗಳೇ, ಈ ಜೀವನದಿಂದ ನಾವು ಕಲಿಯಬೇಕಾದುದು ಏನು? ಕಾಲಿಲ್ಲದವನು ಲೇಖನಿಯಿಂದ ಜಗತ್ತನ್ನು ಸುತ್ತಿದನು. ಧ್ವನಿಯಿಲ್ಲದವನು ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂದು ಇತರರಿಗೆ ಕಲಿಸಿದನು. ಆತನ ಬಾಳಿನಲ್ಲಿ ರೋಗವು ಒಂದು ಪೂರ್ಣವಿರಾಮವಾಗಬಹುದಾಗಿತ್ತು. ಆತನು ಅದನ್ನು ಅರ್ಧವಿರಾಮವನ್ನಾಗಿ ಮಾಡಿಕೊಂಡು, ಅದರ ಮುಂದೆ ಒಂದು ಹೊಸ ವಾಕ್ಯವನ್ನೇ ಬರೆದನು.

ನಿಮ್ಮಲ್ಲಿ ಅನೇಕರ ತಂದೆತಾಯಿಗಳು ಹಗಲೆಲ್ಲ ದುಡಿದು ರಾತ್ರಿ ಮನೆಗೆ ಬರುವವರು. ನಿಮ್ಮ ಇಂಗ್ಲಿಷ್ ಪುಸ್ತಕವನ್ನು ತೆರೆದು ನೋಡುವಷ್ಟು ಬಿಡುವಾಗಲಿ ಅಭ್ಯಾಸವಾಗಲಿ ಅವರಿಗಿಲ್ಲ. ಅದಕ್ಕಾಗಿ ನಾಚಬೇಕಾಗಿಲ್ಲ. ಪ್ರಬಂಧವನ್ನು ಬರೆದು ಮುಗಿಸಿದ ಮೇಲೆ ಅದನ್ನು ಒಮ್ಮೆ ಗಟ್ಟಿಯಾಗಿ ಓದಿರಿ. ಒಂದೊಂದು ಅಲ್ಪವಿರಾಮದ ಬಳಿಯೂ ನಿಂತು, ಇದರ ಎಡಕ್ಕಿರುವುದು ತಾನಾಗಿ ನಿಲ್ಲಬಲ್ಲದೇ, ಬಲಕ್ಕಿರುವುದು ತಾನಾಗಿ ನಿಲ್ಲಬಲ್ಲದೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಎರಡೂ ನಿಲ್ಲಬಲ್ಲವಾದರೆ ಆ ಚಿಕ್ಕ ಕೊಕ್ಕೆಯು ಸಾಲದು. ಜೋಡಿಸುವ ಶಬ್ದವನ್ನು ಸೇರಿಸಿರಿ, ಇಲ್ಲವೆ ಅದರ ತಲೆಯ ಮೇಲೆ ಒಂದು ಚುಕ್ಕೆಯನ್ನು ಇಡಿರಿ, ಅಥವಾ ಧೈರ್ಯವಾಗಿ ವಾಕ್ಯವನ್ನು ಮುಗಿಸಿಬಿಡಿರಿ. ಹೀಗೆ ದಿನಕ್ಕೆ ಐದು ವಾಕ್ಯಗಳನ್ನು ತಿದ್ದಿದರೂ ವರ್ಷವು ಕಳೆಯುವುದರೊಳಗೆ ನಿಮ್ಮ ಬರಹವನ್ನು ನೋಡಿ ನಗುವವರು ಯಾರೂ ಇರಲಾರರು. ಹೋಲ್ಗೇಟಿನ ಕಿಟಕಿಯ ಬಳಿ ಕುಳಿತು ಮರ್ರೆಯು ದುಡಿದುದು ನಿಮ್ಮಂಥವರಿಗಾಗಿಯೇ ಎಂಬುದನ್ನು ಮರೆಯದಿರಿ.